ಶನಿವಾರದ ಉಪವಾಸವೂ ಅರವತ್ತು ಗ್ರಾಂ ಪ್ರೋಟೀನೂ

ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ. ನೀತಿವಂತನೆಂದಲ್ಲ, ಅಭ್ಯಾಸ ಸಾಲದು ಅಷ್ಟೆ. ಒಗ್ಗದ ವಸ್ತುಗಳ ನನ್ನ ಪಟ್ಟಿ ದೊಡ್ಡದು: ಶೇಂಗಾ, ಮೊಸರು, ಬದನೆಕಾಯಿ, ನಿನ್ನೆಯ ಸಾರು. ಎಲ್ಲರ ಮೈಯಲ್ಲೂ ಮಾಸ್ಟ್ ಕೋಶಗಳೆಂಬ ಕಾವಲುಗಾರರು ಇರುತ್ತಾರಂತೆ. ನಿಮ್ಮವರು ಕಳ್ಳ ಬಂದರೆ ಸೀಟಿ ಊದುತ್ತಾರೆ. ನನ್ನವರು ಹಾಲಿನವನು ಬಂದರೂ ಊದುತ್ತಾರೆ. ಕೂಡಲೇ ಮುಖ ಕೆಂಪಾಗಿ ಮೈತುಂಬ ದದ್ದು ಏಳುತ್ತದೆ.

"ಹಾಗಾದರೆ ನನಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?" ಎಂದು ಆಸ್ಪತ್ರೆಯ ಡಯಟಿಷಿಯನ್ ಹುಡುಗಿಯನ್ನು ಕೇಳಿದೆ. "ಎಲ್ಲರಿಗೂ ಬೇಕಾದಷ್ಟೇ ಸಾರ್. ಕಿಲೋ ತೂಕಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ. ನಿಮಗೆ ಒಗ್ಗುವುದನ್ನು ಆಗಿಂದಾಗಲೇ ಬೇಯಿಸಿ ತಿನ್ನಬೇಕು, ಅಷ್ಟೇ" ಎಂದಳು. ನನ್ನ ತೂಕ ಅರವತ್ತು ಕಿಲೋ. ಬಿಸ್ಕತ್ತಿನ ಪೊಟ್ಟಣದ ಮೇಲೂ ಪ್ರೋಟೀನ್ ಎಂದು ಬರೆದುಕೊಳ್ಳುವ ಈ ಹೈದರಾಬಾದಿನಲ್ಲಿ ಸಲಹೆಗೇನು ಬರ? ಕುಷಾಯಿಗೂಡದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವರು ಒಂದು ಪುಡಿಯ ಡಬ್ಬಿಯನ್ನೇ ತಂದು "ತೀಸ್ಕೋಂಡಿ ಸಾರ್" ಎಂದು ಎದುರಿಗಿಟ್ಟರು. ಡಬ್ಬಿಯ ಚಿತ್ರದಲ್ಲಿದ್ದ ಗಂಡಸಿಗೆ ಕುತ್ತಿಗೆಯೇ ಇರಲಿಲ್ಲ. ಕೊನೆಗೆ ನನ್ನ ಕಾವಲುಗಾರರು ಸುಮ್ಮನೆ ಒಳಗೆ ಬಿಟ್ಟುಕೊಂಡದ್ದು ಹೆಸರುಬೇಳೆಯನ್ನು ಮಾತ್ರ. "ಮೂರು ಹೊತ್ತೂ ಬಿಸಿ ಬ್ಯಾಳಿ ಕುದಸಾಕ ನಾ ಏನು ಖಾನಾವಳಿ ಇಟ್ಟೀನೇನ್ರಿ?" ಎಂದು ಹೆಂಡತಿ ಶಾಂತಾ ಗೊಣಗುತ್ತಲೇ ಕುಕ್ಕರ್ ಇಡುತ್ತಾಳೆ.

ಹೀಗಿರುವಾಗ ಮಗಳು ವಿದ್ಯಾಳಿಗೆ ಸಂಬಂಧ ಬಂತು. ರಾಯಚೂರಿನ ಕಡೆಯವರು, ಇಲ್ಲೇ ಮಾದಾಪುರದಲ್ಲಿ ಮನೆ. ನೋಡಿದ ಹುಡುಗರನ್ನೆಲ್ಲ ಬೇಡವೆಂದಿದ್ದ ವಿದ್ಯಾ ಇವನನ್ನು ಒಪ್ಪಿದ್ದಳು. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟ, ಆಮೇಲೆ ಮಾತುಕತೆ. ಮೆಟ್ರೋದಲ್ಲಿ ಶಾಂತಾ ನನ್ನ ಕಿವಿಯ ಹತ್ತಿರ ಬಾಗಿ, "ರೋಗ ಗೀಗ ಅಂತ ಬಾಯಿ ಬಿಡಬ್ಯಾಡ್ರಿ. ಮನೆತನದಾಗ ಐತಿ ಅಂತ ತಿಳಕೊಂಡು ಬ್ಯಾಡ ಅಂದಾರು. ಶನಿವಾರ ನಂದು ಉಪವಾಸ ಅನ್ರಿ" ಎಂದಳು. ನನಗೂ ಭಲೇ ಎನ್ನಿಸಿತು.

ಹುಡುಗನ ತಾಯಿ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ಬಂದಾಗ ನಾನು ಕಣ್ಣು ಅರ್ಧ ಮುಚ್ಚಿ, "ನಂದು ಉಪವಾಸರಿ" ಎಂದೆ. ಆಕೆ ಕೈ ಮುಗಿದರು. "ಈಗಿನ ಕಾಲದಾಗ ಉಪವಾಸ ಮಾಡೋ ಗಂಡಸರು ಎಲ್ಲಿ ಸಿಗತಾರ್ರಿ" ಎನ್ನುತ್ತ ಒಳಗೆ ಹೋದರು. ನಾನು ಉಬ್ಬಿಹೋದೆ. ಅರ್ಧ ಗಂಟೆಯಲ್ಲಿ ಹಬೆಯಾಡುವ ತಟ್ಟೆಯೊಂದು ನನ್ನೆದುರು ಬಂತು. ನಮ್ಮ ಕಡೆ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಖಿಚಡಿಯೆಂದರೆ ಕೈ ಬಿಚ್ಚಿ ಸುರಿದ ಶೇಂಗಾ ಪುಡಿ ಎಂಬುದನ್ನು ನಾನೂ ಮರೆತಿದ್ದೆ, ಶಾಂತಾಳೂ ಮರೆತಿದ್ದಳು. ಪಕ್ಕದಲ್ಲಿ ಬಟ್ಟಲು ತುಂಬ ಮೊಸರು. "ನಿಮ್ಮ ಸಲುವಾಗೇ ಬಿಸಿನೀರಾಗ ನೆನಸಿ ಈಗ ಮಾಡೀನ್ರಿ, ಬಿಡಬಾರದು." ಆಗಿಂದಾಗಲೇ ಬೇಯಿಸಿದ್ದು ಎಂಬ ಡಯಟಿಷಿಯನ್ ಹುಡುಗಿಯ ಷರತ್ತಂತೂ ಪೂರೈಸಿತ್ತು.

ಮಗಳ ಮುಖ ನೋಡಿ ಎರಡು ಚಮಚ ನುಂಗಿದೆ. ಸೀಟಿ ಶುರುವಾಯಿತು.

"ಬೀಗರ, ಮುಖ ಯಾಕ ಹಿಂಗ ಕೆಂಪಾತು?" ಎಂದರು ಹುಡುಗನ ತಂದೆ.

"ಭಕ್ತಿ ಜಾಸ್ತಿ ಆದ್ರ ಅವರಿಗೆ ಹಿಂಗ ಆಗತೈತ್ರಿ" ಎಂದಳು ಶಾಂತಾ.

ವಿದ್ಯಾಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಮೊದಲ ಗುಳಿಗಿ ತಗೋ" ಎಂದು ನನ್ನ ಕಿಸೆಗೆ ಕೈ ಹಾಕಿ, ಇದ್ದದ್ದನ್ನೆಲ್ಲ ಅವರೆದುರು ಹೇಳಿಬಿಟ್ಟಳು. ಬೀಗಿತ್ತಿ ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ತಟ್ಟೆಯ ಜೊತೆಗೆ ಸಂಬಂಧವೂ ಹೋಯಿತೆಂದುಕೊಂಡೆ. ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ. ಗುಳಿಗೆ ಹಿಡಿದು ದದ್ದು ಇಳಿಯುವಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಬಂದದ್ದು ಒಂದು ಪಾತ್ರೆ ಹೆಸರುಬೇಳೆ.

"ರೋಗ ಯಾರ ಮನ್ಯಾಗಿಲ್ರಿ? ನಮ್ಮ ಯಜಮಾನರಿಗೆ ಸಕ್ಕರಿ ಐತಿ. ನಾವೂ ನಿಮಗ ಹೇಳಿರಲಿಲ್ಲ" ಎಂದರು. ಯಜಮಾನರು ಮೂರನೆಯ ಹೋಳಿಗೆಯನ್ನು ಮೆಲ್ಲಗೆ ತಟ್ಟೆಗೆ ಮರಳಿಸಿದರು. "ದಿನಕ್ಕ ಎಷ್ಟು ಬೇಕಂದ್ರಿ ನಿಮಗ?" ಎಂದು ಬೀಗಿತ್ತಿ ಕೇಳಿದರು. ಅರವತ್ತು ಗ್ರಾಂ ಎಂದೆ. ಅದು ಪ್ರೋಟೀನಿನ ಲೆಕ್ಕ, ಬೇಳೆಯದಲ್ಲ ಎಂದು ವಿವರಿಸುವಷ್ಟರಲ್ಲಿ ಪಾತ್ರೆ ನನ್ನ ತಟ್ಟೆಗೆ ಬರಿದಾಗಿತ್ತು.

ಮದುವೆ ಗೊತ್ತಾಯಿತು. ಆದರೆ ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಪರಿಹಾರವಾಗಬೇಕೆಂದು ಶಾಂತಾ ನನಗೆ ಶನಿವಾರದ ಉಪವಾಸವನ್ನು ನಿಜವಾಗಿಯೇ ಹಚ್ಚಿದ್ದಾಳೆ. ಉಪಾಯ ಅವಳದು, ಉಪವಾಸ ನನ್ನದು. ದಿನಾ ಅರವತ್ತು ಗ್ರಾಂ ತಿನ್ನುತ್ತಿದ್ದೀರಾ ಎಂದು ಮೊನ್ನೆ ಡಯಟಿಷಿಯನ್ ಕೇಳಿದಳು. ಶನಿವಾರವೂ ತಿನ್ನುತ್ತೇನೆ ಎಂದೆ. ಮುಖ ಕೆಂಪಾಗಲಿಲ್ಲ, ದದ್ದೂ ಏಳಲಿಲ್ಲ. ಸುಳ್ಳು ನನಗೆ ಒಗ್ಗತೊಡಗಿದೆ.