ಅತ್ತೆಯ ಮೊಣಕಾಲಿಗೊಂದು ಕ್ಯಾಮೆರಾ

ಯಂತ್ರಗಳ ವಿಷಯದಲ್ಲಿ ನಾನು ದಡ್ಡಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಕ್ಸರನ್ನೂ ಬಣ್ಣ ನೋಡಿ ತಂದವಳು. ಅಂಥವಳು ರಾಯಚೂರಿನ ಅಂಗಡಿಯಲ್ಲಿ ನಿಂತು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಪುಟ್ಟ ಕ್ಯಾಮೆರಾ ಆರಿಸಬೇಕಾಗಿ ಬಂದದ್ದು ನಮ್ಮತ್ತೆಯ ಮೊಣಕಾಲಿನಿಂದ.

ಮಾನ್ವಿ ಕಡೆಯ ನಮ್ಮೂರಿನ ಗುಡ್ಡದ ಮೇಲೆ ಹನುಮಪ್ಪನಿದ್ದಾನೆ. ರಾಯಚೂರಿನ ಮನೆಯಿಂದ ಶನಿವಾರ ತಪ್ಪದೆ ಬಸ್ಸಿನಲ್ಲಿ ಬಂದು ಹತ್ತುತ್ತಿದ್ದ ಅತ್ತೆ ಎರಡು ವರ್ಷದಿಂದ ಕೆಳಗಿನ ಮೆಟ್ಟಿಲಿಗೇ ಕೈಮುಗಿದು ಬರುತ್ತಿದ್ದರು. ನಾನು ಮೇಲೆ ಹೋಗಿ ಫೋನಿನಲ್ಲಿ ಫೋಟೋ ಹಿಡಿದು ತಂದರೆ ಮುಖ ತಿರುಗಿಸಿದರು. “ಫೋಟೋದಾಗಿನ ಹನುಮಪ್ಪ ಮನಿ ಗ್ವಾಡಿ ಮ್ಯಾಲೂ ಅದಾನ ಬೇ. ಮಂಗಳಾರತಿ ಆಗಾಕತ್ತಿದಾಗ ನೋಡ್ಬೇಕು ನನಗ. ಸಾಯೋದರಾಗ ಒಮ್ಮಿ.” ಮರುವಾರ ಗುಡ್ಡದ ಕೆಳಗಿನಿಂದಲೇ ಫೋನು ಹಿಡಿದು ಎಳೆದೆಳೆದು ದೊಡ್ಡದು ಮಾಡಿದೆ. ಹನುಮಪ್ಪ ಸಿಂದೂರದ ಮುದ್ದೆಯಾದ.

ಕ್ಯಾಮೆರಾ ತರುತ್ತೇನೆಂದರೆ ದೇವದುರ್ಗದ ನಾದಿನಿ ನಕ್ಕಳು. “ಈಗ ಯಾರ್ ತಗೊಂತಾರ ವೈನಿ ಕ್ಯಾಮೆರಾ?” ನಾನು ತಗೊಂಡೆ. ಹೊಸದರ ಬೆಲೆ ಕೇಳಿ ಬಾಗಿಲ ಕಡೆ ನೋಡಿದಾಗ ಅಂಗಡಿಯವರು, ಪುಣ್ಯಾತ್ಮರು, ಸಿಡುಕದೆ “ಕೂಡ್ರಿ ಅಕ್ಕಾರ” ಎಂದು ಯಾರೋ ಬಳಸಿ ಮಾರಿದ ಎರಡನ್ನು ಮುಂದಿಟ್ಟರು. ಒಂದು ನಲವತ್ತು ಪಟ್ಟು ಎಳೆಯುತ್ತದಂತೆ, ಇನ್ನೊಂದು ಮೂವತ್ತು. ಕೈ ನಲವತ್ತರ ಮೇಲೇ ಹೋಯಿತು. ದೊಡ್ಡ ಬದನೆಕಾಯಿಯಲ್ಲಿ ಬೀಜ ಜಾಸ್ತಿ ಎಂಬುದು ಆಗ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತು ರಸ್ತೆಯಾಚೆಯ ಮಿರ್ಚಿ ಬಂಡಿ ನೋಡಿದರೆ ನಲವತ್ತರದು ಜ್ವರ ಬಂದವರಂತೆ ನಡುಗಿತು. ಮೂವತ್ತರದರಲ್ಲಿ ಬಾಣಲೆಯಲ್ಲಿ ತೇಲುವ ಮಿರ್ಚಿ ಎಣಿಸಬಹುದಿತ್ತು! “ನಿಮ್ಮ ಕೈ ನಡುಗಿದ್ರೂ ಇದು ನಡುಗಂಗಿಲ್ರಿ” ಎಂದರು ಅಂಗಡಿಯವರು. ಅದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ತಂದೆ.

ಶನಿವಾರ ಗುಡ್ಡದ ಬುಡದ ಬಂಡೆಯ ಮೇಲೆ ಟವಲ್ಲನ್ನು ಸಿಂಬಿ ಸುತ್ತಿ, ಕೊಡ ಕೂಡಿಸಿದಂತೆ ಕ್ಯಾಮೆರಾ ಕೂಡಿಸಿದೆ. ಗುಂಡಿ ಒತ್ತಿದಂತೆ ಮೆಟ್ಟಿಲುಗಳೆಲ್ಲ ಇಳಿದುಹೋಗಿ ಗರ್ಭಗುಡಿಯ ಬಾಗಿಲು ಬಂತು. ಮೇಲೆ ಮಂಗಳಾರತಿಯ ಗಂಟೆ ಮೊಳಗಿತು. “ಯವ್ವಾ, ಬೆಳ್ಳಿ ಕಣ್ಣು ಹಚ್ಯಾರ!” ಎಂದವರೇ ಅತ್ತೆ, ಪುಟ್ಟ ಪರದೆಯ ಮೇಲೆ ಎರಡೂ ಅಂಗೈ ಆಡಿಸಿ, ಆರತಿಯ ಬಿಸಿ ತಾಕಿದವರಂತೆ ಕಣ್ಣಿಗೊತ್ತಿಕೊಂಡರು. ಪರದೆಯ ಮೇಲೆ ಉಳಿದ ಬೆರಳ ಗುರುತನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ.

“ನಂದಾತು. ನಿನಗೇನಾಗ್ಯಾದ? ನೀ ಹತ್ತು” ಎಂದು ನನ್ನನ್ನು ಅಟ್ಟಿದರು. ಹತ್ತಿ, ಕೈಮುಗಿದು, ತೃಪ್ತಿಯಿಂದ ಇಳಿದು ಬಂದರೆ ಅವರಿನ್ನೂ ಪರದೆಗೆ ಕಣ್ಣಿಟ್ಟು ಕೂತಿದ್ದಾರೆ.

“ಮೂರು ಕಡಿ ಕುಂತಿ. ಪ್ರದಕ್ಷಿಣಿ ಅರ್ಧಕ್ಕ ಬಿಟ್ಟಿ. ಕೈ ಮುಗದು ನಿಂತಾಗ ಬಾಜುಕಿನಾಕಿ ಸೀರಿ ಅಂಚು ನೋಡಾಕತ್ತಿದ್ದಿ. ಚೊಲೊ ಮಾಲು ತಂದಿ ಬಿಡು, ಎಲ್ಲಾ ಕಾಣ್ತದ.”

ದೇವರು ಎಲ್ಲವನ್ನೂ ನೋಡುತ್ತಾನೆಂದು ಚಿಕ್ಕಂದಿನಿಂದ ನಂಬಿದವಳು ನಾನು. ಆದರೆ ನೋಡಿದ್ದನ್ನು ಅವನು ನಮ್ಮತ್ತೆಯ ಹಾಗೆ ರಾಯಚೂರಿನವರೆಗೂ ಬಸ್ಸಿನವರಿಗೆಲ್ಲ ಹೇಳುತ್ತ ಬರುವುದಿಲ್ಲವಲ್ಲ, ಅದೆಷ್ಟು ದೊಡ್ಡ ಕರುಣೆ ಎಂಬುದು ಅವತ್ತೇ ತಿಳಿದದ್ದು.