ಬಾಗಿಲು ತೆಗೆಯದ ಮಾವ

ಮಾವನ ಎಡಗಾಲಿನ ಚಪ್ಪಲಿಯ ಮೇಲೆ ಗದ್ದವೂರಿ ಒಂದು ಕಂದು ನಾಯಿ ಮಲಗಿತ್ತು. ಇಬ್ಬರೂ ನನ್ನ ಮನೆಯ ಮೆಟ್ಟಿಲ ಮೇಲಿದ್ದರು. ಅವರಿಗಾಗಿಯೇ ನಾನು ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬೆರಳು ತಾಗಿಸಿದ್ದರೆ ಸಾಕಿತ್ತು!

ನನ್ನ ಸೋದರಮಾವನಷ್ಟು ಮರ್ಯಾದಸ್ಥರು ನಮ್ಮ ಜಿಲ್ಲೆಯಲ್ಲೇ ಇಲ್ಲ. ಯಾವ ಬಾಗಿಲನ್ನೂ ತಾವಾಗಿ ತೆಗೆಯುವುದಿಲ್ಲ! ಹೊಲದ ಬದುವಿನ ಜಗಳದಲ್ಲಿ ಒಬ್ಬರ ಪ್ರಾಣ ಹೋಗಿ ಮಾವ ಜೈಲು ಸೇರಿದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಷ್ಟು ವರ್ಷ ಬಾಗಿಲು ತೆಗೆಯುವ ಕೆಲಸ ಬೇರೆಯವರದಾಗಿತ್ತಲ್ಲ, ಅಭ್ಯಾಸ ತಪ್ಪಿಹೋಯಿತು. ಬಿಡುಗಡೆಯಾದಾಗ ನಮ್ಮ ಮನೆಯವರು ಅವರನ್ನು ಸೇರಿಸಲಿಲ್ಲ. ಸೇರಿಸಿಕೊಂಡವರು ಹಿರಿಯೂರಿನಾಚೆ ಮಾರಿಕಣಿವೆ ರಸ್ತೆಯಲ್ಲಿ ಬೀದಿನಾಯಿಗಳನ್ನು ಸಾಕುವ ಡಾಕ್ಟರಮ್ಮ. ಜೈಲಿನಿಂದ ಬಂದವರನ್ನೇ ಹುಡುಕಿ ಕೆಲಸ ಕೊಡುವುದು ಅವರ ಪದ್ಧತಿ. ಮಾವನಿಗೆ ಸಿಕ್ಕಿದ್ದು ನಾಯಿಗಳನ್ನು ಪಳಗಿಸುವ ಕೆಲಸ.

ಒಮ್ಮೆ ಮಾವ ಬ್ಯಾಂಕಿನ ಗಾಜಿನ ಬಾಗಿಲ ಮುಂದೆ ನಿಂತೇ ಇದ್ದರಂತೆ. ಕಾವಲುಗಾರ ಕೇಳಿದ:

"ಏನ್ ಯಜಮಾನ್ರೇ, ನನ್ ಕೆಲ್ಸಕ್ಕೇ ಬಂದ್ರಾ? ತಳ್ರಿ, ತೆಕ್ಕಂತೈತೆ."

"ಇರ್ಲಿ ಬಿಡಪ್ಪ, ಯಾರಾದ್ರೂ ಬತ್ತಾರೆ. ಅವ್ರ ಹಿಂದೆ ಹೋದ್ರಾತು."

ಯಾರೂ ಬರಲಿಲ್ಲ. ಬ್ಯಾಂಕೇ ಮುಚ್ಚಿತು!

ಗುರುವಿನಂತೆ ಶಿಷ್ಯರು. ಗೂಡಿನ ಬಾಗಿಲು ಹಾರುಹೊಡೆದಿದ್ದರೂ ಮಾವ "ಹ್ಞೂಂ" ಅನ್ನುವವರೆಗೆ ಡಾಕ್ಟರಮ್ಮನ ನಾಯಿಗಳು ಕದಲುವುದಿಲ್ಲ. ಬಂದವರೆಲ್ಲ ಎಂಥ ಶಿಸ್ತು ಎಂದು ಬೆರಗಾಗುತ್ತಾರೆ. ಆದರೆ ಈ ಕಂದು ನಾಯಿಯನ್ನು ಸಾಕಲೆಂದು ಒಯ್ದ ಹೊಳಲ್ಕೆರೆಯವರು ವಾರದೊಳಗೆ ಹಿಂದಕ್ಕೆ ತಂದರು.

"ಒಳಕ್ಕೇ ಬರಲ್ರೀ ಇದು! ಬಾಗ್ಲು ತೆಗೆದಿಟ್ರೂ ಹೊಸ್ಲಾಚೆ ಕುಂತು ನಮ್ ಮಕ ನೋಡ್ತೈತೆ. ನಾವು ಕೇಳಿದ್ದು ನಾಯಿ, ಬೀಗರನ್ನಲ್ಲ!"

ಅಂದು ಮಾವನನ್ನು ನೋಡಲು ಅಲ್ಲಿಗೆ ಹೋಗಿದ್ದ ನಾನು ನಕ್ಕೆ. ಮಾವ ನಗಲಿಲ್ಲ.

"ನಂದೇ ತಪ್ಪು ಪುಟ್ಟಿ. ನಂಗೆ ಗೊತ್ತಿದ್ದುದ್ನೇ ಕಲ್ಸಿಬಿಟ್ಟೆ. ಇನ್ನ ಇದುನ್ನ ಯಾರ್ ಸಾಕ್ತಾರೆ?"

ಡಾಕ್ಟರಮ್ಮನದು ಖಡಾಖಂಡಿತ ಮಾತು: "ಮೊದ್ಲು ನೀವು ಬಾಗ್ಲು ತೆಗೀರಿ. ನೋಡ್ತಾ ನೋಡ್ತಾ ಅದೂ ಕಲಿಯುತ್ತೆ. ಯಾವ್ದಾದ್ರೂ ಮನೆಗೆ ಕರ್ಕೊಂಡು ಹೋಗ್ರಿ."

ಮಾವನಿಗೆ ಯಾವ ಮನೆಯಿತ್ತು? ದುರ್ಗದಲ್ಲಿ ನನ್ನದೊಂದು ಬಾಡಿಗೆ ಮನೆಯಿತ್ತು, ಹಾಲಿನವನ ಹೊರತು ಯಾರೂ ಬಾಗಿಲು ಬಡಿಯದ ಮನೆ. ಕರೆದೆ.

ಹಾಗೆ ಬಂದವರೇ ಅಂದು ಸಂಜೆ ಮೆಟ್ಟಿಲ ಮೇಲೆ ಕುಳಿತಿದ್ದದ್ದು.

"ಬಂದು ಎಷ್ಟೊತ್ತಾಯ್ತು ಮಾವ?"

"ಈಗ್ಲೇ ಬಂದ್ವಿ," ಎಂದರು. ನಾಯಿ ಗೊರಕೆ ಹೊಡೆಯುತ್ತಿತ್ತು!

ಬಾ ಬಾ ಎಂದು ಬಾಯಿ ನೋಯುವಷ್ಟು ಕರೆದ ಮೇಲೆ ಇಬ್ಬರೂ ಒಳಗೆ ಬಂದರು. ಊಟವಾಗುತ್ತಲೇ ಮಾವ ಕೋಣೆಗೆ ಹೋದರು. ನಾಯಿ ಹೊಸ್ತಿಲಾಚೆಯೇ ಕುಳಿತಿತು. ಒಳಗಿನಿಂದ ಮಾವ ಮೆಲ್ಲಗೆ ಕೇಳಿದರು:

"ಪುಟ್ಟಿ, ಹೊರಗ್ಲಿಂದ ಚಿಲ್ಕ ಹಾಕ್ತೀಯೇನವ್ವ? ಇಲ್ದಿದ್ರೆ ನಿದ್ದೆ ಹತ್ತಲ್ಲ."

ಈ ಮಾತಿಗೆ ಏನೆಂದು ತಮಾಷೆ ಮಾಡಲಿ? ನಾನಾದರೂ ಬೀದಿಬಾಗಿಲ ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡದೆ ಮಲಗುವವಳಲ್ಲ. ಕೋಣೆಯ ಬಾಗಿಲೆಳೆದು ಚಿಲಕವನ್ನು ಸದ್ದಾಗುವಂತೆ ಅಲ್ಲಾಡಿಸಿದೆ, ಹಾಕಲಿಲ್ಲ. ಒಳಗೆ ಶಿಷ್ಯನನ್ನೇ ಮೀರಿಸುವ ಗೊರಕೆ ಶುರುವಾಯಿತು.

ಮರುದಿನ ಬೆಳಿಗ್ಗೆ ಕಾಫಿ ಮಾಡಿಕೊಂಡು ಬಂದು ಆ ಬಾಗಿಲ ಮುಂದೆ, ನಾಯಿಯ ಪಕ್ಕ ನೆಲದ ಮೇಲೆ ಕುಳಿತೆ. ಒಳಗಿನ ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು.

"ಚಿಲಕ ಹಾಕಿಲ್ಲ ಮಾವ," ಎಂದೆ. "ರಾತ್ರೀನೂ ಹಾಕಿರಲಿಲ್ಲ."

ಕಾಫಿ ಆರಿತು. ಬಿಸಿ ಮಾಡಿಕೊಂಡು ಬಂದು ಮತ್ತೆ ಅಲ್ಲೇ ಕುಳಿತೆ. ಆಮೇಲೆ ಮರದ ಮೇಲೆ ಅಂಗೈ ಸವರಿದ ಸದ್ದಾಯಿತು. ಯಾರೂ "ಹ್ಞೂಂ" ಅನ್ನದೆಯೇ ನಾಯಿ ಎದ್ದು ನಿಂತಿತು. ನಾನು ಬಾಗಿಲಿಗೆ ಕೈ ಹಚ್ಚಲಿಲ್ಲ.