ಹಾಲಮ್ಮನಿಗೆ ಮಗನನ್ನು ಕರುಣಿಸಿದ ಪೋರ್ಟಲ್‌ಗೆ

ಮಾನ್ಯ ಸರ್ವಸುಲಭ ಪೋರ್ಟಲ್ ಅವರೇ,

ತಾವು ಸರ್ವರ್ ಸಮೇತ ಕ್ಷೇಮವೆಂದು ನಂಬಿ ಸಿಂಗಟಗೆರೆಯಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ನಿದ್ದೆಯಲ್ಲಿದ್ದರೆ ಎದ್ದ ಮೇಲೆ ಸ್ವೀಕರಿಸಿ. ನಮಗೆ ಕಾದು ಅಭ್ಯಾಸ.

ಮೊದಲಿಗೆ ತಮ್ಮ ಪವಾಡಕ್ಕೆ ಅಭಿನಂದನೆ. ನಮ್ಮೂರ ಹಾಲಮ್ಮ, ಒಂಟಿ ವಿಧವೆ, ಹರೆಯದಲ್ಲಿ ಕಂಡಕಂಡ ದೇವರಿಗೆ ಹರಕೆ ಹೊತ್ತರೂ ಸಿಗದ ಸಂತಾನವನ್ನು ತಾವು ಆಕೆಯ ಇಳಿವಯಸ್ಸಿನಲ್ಲಿ ಕರುಣಿಸಿದ್ದೀರಿ. ಅದೂ ಮೀಸೆ ಬಂದ, ಮದುವೆಯಾದ, ಸ್ವಂತ ಗೂಡ್ಸ್ ಗಾಡಿಯಿರುವ ಮಗ, ಹೆಸರು ಮುನೀರ್ ಪಾಷಾ.

ತಪ್ಪು ನಮ್ಮದೇ ಅನ್ನಿ. ರೇಷನ್ ಕಾರ್ಡನ್ನು ತಮ್ಮೊಳಗೆ ಸೇರಿಸುವಾಗ ಮೊಬೈಲ್ ನಂಬರ್ ಕೇಳಿದರು. ಫೋನಿಲ್ಲದ ಹಾಲಮ್ಮ, ನಮ್ಮೂರ ತೆಂಗಿನಕಾಯಿಯನ್ನು ದಿನಾ ಅಜ್ಜಂಪುರಕ್ಕೆ ಸಾಗಿಸುವ ಪಾಷಾನ ನಂಬರ್ ಬರೆಸಿದಳು. ಆಸ್ಪತ್ರೆ ಚೀಟಿಗೂ ಮದುವೆ ಪತ್ರಿಕೆಗೂ ಊರಿನ ಅರ್ಧ ಜನ ಕೊಡುವುದು ಅದನ್ನೇ. ಇದನ್ನು ನಾವು ನೆರೆಹೊರೆ ಎನ್ನುತ್ತೇವೆ. ತಾವು ವಂಶವೃಕ್ಷವೆಂದು ಓದಿಕೊಂಡು, ನಂಬರ್ ಒಂದಾದರೆ ಕುಟುಂಬವೂ ಒಂದೆಂದು ಸಾರಿ, ಮಗನಿಗೆ ನಾಲ್ಕು ಚಕ್ರವಿರುವಾಗ ತಾಯಿಗೇಕೆ ಅಕ್ಕಿಯೆಂದು ಕಾರ್ಡ್ ರದ್ದು ಮಾಡಿದಿರಿ.

ನ್ಯಾಯಬೆಲೆ ಅಂಗಡಿಯಿಂದ ಬರಿಚೀಲ ಹಿಡಿದು ಬಂದ ಹಾಲಮ್ಮ, "ಲೇ ಪಾಷಾ, ಹೆರಿಗೆ ನೋವಿಲ್ದೆ ಹುಟ್ಬಂದು ನನ್ ಅನ್ನ ಕಿತ್ಕೊಂಡ್ಯಲ್ಲೋ!" ಎಂದಳು. ಪಾಷಾನ ಹೆಂಡತಿ ಚಾಂದ್ ಬಿ, "ಅತ್ತೆ ಇಲ್ದ ಮನೆ ಅಂತ ಖುಷಿಯಾಗಿದ್ದೆ, ಇದೊಂದು ಬಂದ್ಬಿಡ್ತು ಕಣ್ರೀ" ಎಂದು ಗೊಣಗಿ, ಅಂದಿನಿಂದ ಡಬ್ಬಿಯಲ್ಲಿ ಅನ್ನ ಕಳಿಸುತ್ತಿದ್ದಾಳೆ. ಹಾಲಮ್ಮ ಉಪ್ಪು ಕಮ್ಮಿ ಎನ್ನುತ್ತಾಳೆ. ಅತ್ತೆತನಕ್ಕೆ ಬೇರೆ ದಾಖಲೆ ಬೇಕೆ?

ಆದರೂ ಮಾನ್ಯರೇ, ಆಕೆಗೆ ತನ್ನ ಒಲೆಯ ಮೇಲೆ ತನ್ನ ಅಕ್ಕಿ ಬೇಯಬೇಕು. ದಯವಿಟ್ಟು ಕಾರ್ಡ್ ಹಿಂದಿರುಗಿಸಿ. ಆಗದಿದ್ದರೆ ಪಾಷಾನ ಬಾಲ್ಯವನ್ನಾದರೂ ಮಂಜೂರು ಮಾಡಿ. ಎರಡೇಟು ಕೊಟ್ಟು ಬೆಳೆಸಿದ ಸುಖವಾದರೂ ಆಕೆಗೆ ಸಿಗಲಿ.

ಪಾಸ್‌ವರ್ಡ್ ಮರೆತರೂ ತಮ್ಮನ್ನು ಮರೆಯದ,
ತಮ್ಮ ವಿಶ್ವಾಸಿ,
ಅಂಜಿನಪ್ಪ, ಸಿಂಗಟಗೆರೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಸಂದೇಶ ಪಾಷಾನ ಫೋನಿಗೆ ಬಂತು. 'ತಾಯಿಯನ್ನು ಮನೆಯಿಂದ ಹೊರಹಾಕಿದ್ದೇನೆ' ಎಂದು ಮಗ ಗುಂಡಿ ಒತ್ತಿದರೆ ಕಾರ್ಡ್ ಮರಳುವುದಂತೆ. "ಒತ್ತೋ ನನ್ನಪ್ಪಾ, ಒತ್ತು" ಎಂದು ಹಾಲಮ್ಮ ಗೋಗರೆಯುತ್ತಿದ್ದಾಳೆ. "ತಾಯೀನ ಹೊರಗಾಕ್ದೆ ಅಂತ ನಾನ್ ಮಾತ್ರ ಒತ್ತಲ್ಲ ಕಣಮ್ಮೋ" ಎಂದು ಪಾಷಾ ಫೋನನ್ನು ಜೇಬಿಗಿಳಿಸಿದ್ದಾನೆ. ಗುಂಡಿ ಒತ್ತದೆಯೂ ಹಾಲಮ್ಮನಿಗೆ ಅಕ್ಕಿ ಕೊಡುವ ದಾರಿ ತಮಗೆ ತಿಳಿಯದಿದ್ದರೆ, ಚಾಂದ್ ಬಿಯನ್ನು ಕೇಳಿ.